ಇವತ್ತಿನ ಒಂದು ಚೆಂದದ್ದು

ಮೊನ್ನೆ ಶನಿವಾರ ಅಡುಗೆಮನೆಯ ಡ್ರಾಯರ್ ಕ್ಲೀನ್ ಮಾಡೋಣ ಅಂತ ಕೂತೆ. ಎಲ್ಲರ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇರುತ್ತಲ್ಲ. ಸತ್ತ ಬ್ಯಾಟರಿ, ಯಾವ ಬೀಗದ್ದೋ ಗೊತ್ತಿಲ್ಲದ ಕೀ, ಪಿಜ್ಜಾ ಜೊತೆ ಬಂದ ಖಾರದಪುಡಿ ಪ್ಯಾಕೆಟ್ಟು, ಎಲ್ಲಾ ಸೇರಿಕೊಳ್ಳುವ ಜಾಗ. ಅದರ ತಳದಲ್ಲಿ ಮಗಳ ಹಳೇ ನೋಟ್‌ಬುಕ್ ಒಂದು ಸಿಕ್ಕಿತು. ಮೊದಲ ನಾಲ್ಕು ಪುಟ ಅವಳ ಗುಣಾಕಾರ. ಐದನೇ ಪುಟದಿಂದ ನನ್ನ ಅಕ್ಷರ.

"ಮಾರ್ಚ್ 18 – ಕಾಂಪೌಂಡ್ ಮೇಲೆ ಎರಡು ಅಳಿಲು ಜಗಳ ಆಡಿದವು."
"ಮಾರ್ಚ್ 21 – ಹಳೇ ಸ್ಟೂಡೆಂಟ್ ಒಬ್ಬ ಫೋನ್ ಮಾಡಿದ್ದ. ಹೆಸರು ನೆನಪಿಗೆ ಬಂತು."
"ಮಾರ್ಚ್ 24 – ಹಿಂದಿನ ಬೀದಿಯ ಕೋಗಿಲೆ ನಮ್ಮನೆ ತನಕ ಕೇಳಿಸ್ತು."

ಡ್ರಾಯರ್ ಅಲ್ಲಿಗೇ ನಿಂತಿತು. ನೆಲದ ಮೇಲೇ ಕೂತು ಇಡೀ ನೋಟ್‌ಬುಕ್ ಓದಿದೆ. ಕುಕ್ಕರ್ ಎಷ್ಟು ಸೀಟಿ ಹೊಡೀತೋ ಗೊತ್ತಿಲ್ಲ, ಬೇಳೆ ಮಾತ್ರ ಪಾಯಸದ ಹದಕ್ಕೆ ಬಂದಿತ್ತು. ಅದಿರಲಿ, ಈ ನೋಟ್‌ಬುಕ್ಕಿನ ಕತೆ ಹೇಳ್ತೀನಿ ಕೇಳಿ.

ನಾವಿರೋದು ಸಿಯಾಟಲ್ಲಿನ ಉತ್ತರಕ್ಕೆ, ಬಾಥೆಲ್‌ನಲ್ಲಿ. 2020ರ ಜನವರಿ 21ರಂದು ಅಮೆರಿಕದ ಮೊದಲ ಕೊರೋನಾ ಕೇಸ್ ಅಂತ ಸುದ್ದಿ ಬಂತಲ್ಲ, ಅದು ನಮ್ಮ ಪಕ್ಕದ ಸ್ನೋಹೋಮಿಶ್ ಕೌಂಟಿಯದ್ದೇ. ಆಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಫೆಬ್ರವರಿ 29ಕ್ಕೆ ಎಲ್ಲಾ ಬದಲಾಯಿತು. ದೇಶದಲ್ಲೇ ಮೊದಲ ಸಾವು ಅಂತ ಅವತ್ತು ವರದಿಯಾದದ್ದು ಕರ್ಕ್‌ಲ್ಯಾಂಡಿನ ಆಸ್ಪತ್ರೆಯಿಂದ. (ಅದಕ್ಕೂ ಮೊದಲೇ ಕೆಲವು ಸಾವು ಆಗಿದ್ದವು ಅಂತ ಆಮೇಲೆ ಗೊತ್ತಾಯಿತು.) ಹಿಂದೆಯೇ ಅದೇ ಊರಿನ ಒಂದು ವೃದ್ಧಾಶ್ರಮದಲ್ಲಿ ಒಬ್ಬರಾದ ಮೇಲೊಬ್ಬರು ಹೋಗತೊಡಗಿದರು.

ಕರ್ಕ್‌ಲ್ಯಾಂಡ್ ನಮ್ಮ ಮನೆಯಿಂದ ಹದಿನೈದು ನಿಮಿಷದ ಡ್ರೈವ್. ಅಮೆರಿಕದಲ್ಲಿರುವ ಕನ್ನಡದವರಿಗೆಲ್ಲ ಈ ಊರಿನ ಹೆಸರು ಗೊತ್ತಿರುತ್ತೆ, ಯಾಕೆ ಅಂತ ಹೇಳ್ತೀನಿ. ಕಾಸ್ಟ್ಕೋ ಅಂಗಡಿಯ ಮುಖ್ಯ ಕಚೇರಿ ಒಂದು ಕಾಲಕ್ಕೆ ಅಲ್ಲಿತ್ತು, ಅದಕ್ಕೇ ಅವರ ಸ್ವಂತ ಬ್ರ್ಯಾಂಡಿಗೆ ಕರ್ಕ್‌ಲ್ಯಾಂಡ್ ಅಂತ ಹೆಸರು. ನಾವೆಲ್ಲ ತುಪ್ಪ ಕಾಯಿಸೋ ಬೆಣ್ಣೆಯ ಡಬ್ಬದ ಮೇಲೆ ಇರೋದು ಅದೇ. ಆ ಮಾರ್ಚ್ ತಿಂಗಳಲ್ಲಿ ಫ್ರಿಜ್ ತೆಗೆದು ಬೆಣ್ಣೆ ನೋಡಿದರೂ ಎದೆ ಧಸಕ್ ಅನ್ನೋದು.

ಆಮೇಲೆ ದಿನಕ್ಕೊಂದು ಬಾಗಿಲು ಮುಚ್ಚಿತು. ಮೈಕ್ರೋಸಾಫ್ಟ್ ಮಾರ್ಚ್ 4ರಂದು ಇಲ್ಲಿನ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ನಮ್ಮ ನಾರ್ಥ್‌ಶೋರ್ ಡಿಸ್ಟ್ರಿಕ್ಟಿನ ಶಾಲೆಗಳು 5ಕ್ಕೇ ಬಾಗಿಲು ಹಾಕಿದವು. ರಾಜ್ಯದ ಎಲ್ಲಾ ಶಾಲೆ ಮುಚ್ಚಿ ಅಂತ ಗವರ್ನರ್ ಜೇ ಇನ್ಸ್ಲೀ ಹೇಳಿದ್ದು 13ಕ್ಕೆ. ಊಟದ ಟೇಬಲ್ಲಿನ ಒಂದು ಕಡೆ ಇವರ ಮೀಟಿಂಗು, ಇನ್ನೊಂದು ಕಡೆ ಮಗಳ ಕ್ಲಾಸು, ನಡುವೆ ನಾನು ಬೀನ್ಸ್ ಹೆಚ್ಚುತ್ತಾ ಕೂತರೆ ಇಬ್ಬರೂ "ಶ್!" ಅನ್ನೋರು. ಬೀನ್ಸ್ ಹೆಚ್ಚೋಕೆ ಮ್ಯೂಟ್ ಬಟನ್ ಎಲ್ಲಿದೆ ಹೇಳಿ :-)

ಅಮ್ಮ ಶಿವಮೊಗ್ಗದಲ್ಲಿ ಒಬ್ಬಳೇ. ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ಮಾರ್ಚ್ ಎರಡನೇ ವಾರದವರೆಗೂ ಅವಳಿಗೆ ನಮ್ಮ ಚಿಂತೆ. "ನಿಮ್ಮೂರಲ್ಲೇ ಅಂತಲ್ಲೇ ಶುರುವಾಗಿದ್ದು? ಮಗೂನ ಕರ್ಕೊಂಡು ಬಂದ್ಬಿಡು" ಅಂತ ದಿನಾ ಹೇಳೋಳು. ಮಾರ್ಚ್ 12ಕ್ಕೆ ಅದು ತಿರುಗಿತು. ಕಲಬುರಗಿಯಲ್ಲಿ ಎರಡು ದಿನದ ಹಿಂದೆ ತೀರಿಕೊಂಡ 76 ವರ್ಷದ ಹಿರಿಯರಿಗೆ ಕೊರೋನಾ ಇತ್ತು ಅಂತ ಖಚಿತವಾಯಿತು. ಭಾರತದ ಮೊದಲ ಸಾವು. ಅಮೆರಿಕದ ಮೊದಲ ಸುದ್ದಿ ನಾನಿದ್ದ ಕಡೆಯಿಂದ, ಭಾರತದ ಮೊದಲ ಸುದ್ದಿ ಕರ್ನಾಟಕದಿಂದ. ಲೋಕದಲ್ಲಿ ಇಷ್ಟೊಂದು ಜಾಗ ಇರುವಾಗ ಇವೆರಡೇ ಬೇಕಿತ್ತಾ ಅನ್ನಿಸಿತು.

ಅಲ್ಲಿಂದ ನಮ್ಮಿಬ್ಬರ ಫೋನು ಅಂದರೆ ಬರೀ ಲೆಕ್ಕ. ಅವಳು ಟೀವಿ ನೋಡಿ ನಮ್ಮ ರಾಜ್ಯದ ಲೆಕ್ಕ ಹೇಳೋಳು, ನಾನು ವೆಬ್‌ಸೈಟ್ ನೋಡಿ ಅವಳ ರಾಜ್ಯದ ಲೆಕ್ಕ ಹೇಳೋಳು. "ನೀನು ಹೊರಗೆ ಹೋಗ್ಬೇಡ" ಅಂತ ನಾನು, "ನೀನು ಅಂಗಡಿಗೆ ಹೋಗ್ಬೇಡ" ಅಂತ ಅವಳು. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಇಲ್ಲ, ಅವಳಿಗೆ ತಿಂಡಿ ಸೇರೋಲ್ಲ.

ಮೂರು ದಿನ ಹೀಗಾಯಿತು. ನಾಲ್ಕನೇ ದಿನ ಅಮ್ಮ ಟೀಚರ್ ದನಿ ತೆಗೆದಳು.

"ನೋಡು ಪುಟ್ಟಿ, ನಾಳೆಯಿಂದ ಲೆಕ್ಕ ಹೇಳೋ ಹಾಗಿಲ್ಲ. ನಿನ್ನ ಟೈಮ್ ಸಂಜೆ ಏಳೂವರೆಗೆ ಮಾಡು. ನಂಗೆ ಬೆಳಿಗ್ಗೆ ಎಂಟು, ಕಾಫಿ ಆಗಿರತ್ತೆ. ಇವತ್ತು ಕಣ್ಣಿಗೆ ಚೆಂದ ಕಂಡಿದ್ದು ಒಂದು, ಒಂದೇ ಒಂದು, ನೀನು ಹೇಳ್ಬೇಕು. ಒಂದು ನಾನು ಹೇಳ್ತೀನಿ. ಮಿಕ್ಕಿದ್ದು ಆಮೇಲೆ."

ಒಂದನೇ ಕ್ಲಾಸಿನ ಮಕ್ಕಳಿಗೆ ಅವಳು ದಿನಾ ಬೆಳಿಗ್ಗೆ ಮಾಡಿಸುತ್ತಿದ್ದದ್ದು ಇದೇ. ದಾರಿಯಲ್ಲಿ ಏನು ಚೆಂದದ್ದು ನೋಡಿದೆ ಹೇಳು ಅಂತ. ಹಸು ಕರು ಹಾಕಿದ್ದು, ಲಾರಿ ಪಂಚರ್ ಆಗಿದ್ದು ಎಲ್ಲಾ ಹೇಳ್ತಿದ್ದವಂತೆ ಮಕ್ಕಳು.

ನಿಜ ಹೇಳ್ತೀನಿ, ನನಗೆ ಸಿಟ್ಟು ಬಂತು. ಹದಿನೈದು ನಿಮಿಷದ ದೂರದಲ್ಲಿ ಜನ ಮಕ್ಕಳ ಮುಖ ನೋಡದೇ ಸಾಯುತ್ತಿದ್ದಾರೆ, ನಾನು ಚೆಂದದ್ದು ಹುಡುಕಿಕೊಂಡು ಕೂರಬೇಕಾ? ಮಾರನೇ ದಿನ ಏಳೂವರೆ ಆಯಿತು, ನನ್ನ ಹತ್ತಿರ ಏನೂ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಮಳೆ ನಿಂತಿದೆ ಅಮ್ಮ."

"ಸುಳ್ಳು. ಫೋನಲ್ಲಿ ನಿಮ್ಮನೆ ಮಳೆ ಸದ್ದು ಕೇಳಿಸ್ತಿದೆ" ಅಂದಳು.

ಇಬ್ಬರೂ ನಕ್ಕುಬಿಟ್ಟೆವು. ಎಷ್ಟೋ ದಿನದ ಮೇಲೆ ನಕ್ಕಿದ್ದು ಅದು. ಆದರೂ ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಾಚಿಕೆ ಆಯಿತು. ಮರುದಿನ ಬೆಳಿಗ್ಗೆಯಿಂದಲೇ ಕಣ್ಣು ಬಿಟ್ಟುಕೊಂಡಿದ್ದೆ.

ಸಿಕ್ಕಿದ್ದು ದೋಸೆ ಹಿಟ್ಟು! ಸಿಯಾಟಲ್ಲಿನ ಮಾರ್ಚ್ ತಿಂಗಳ ಚಳಿಯಲ್ಲಿ ಹಿಟ್ಟು ಹುದುಗೋದು ಅಂದರೆ ಸಣ್ಣ ಮಾತಲ್ಲ. ನಮ್ಮ ಕಡೆಯವರೆಲ್ಲ ಮಾಡೋ ಉಪಾಯ ಏನಪ್ಪಾ ಅಂದರೆ, ಓವನ್ ಆನ್ ಮಾಡದೆ ಅದರ ಲೈಟ್ ಮಾತ್ರ ಹಾಕಿ ಒಳಗೆ ಹಿಟ್ಟಿನ ಪಾತ್ರೆ ಇಡೋದು. ಆ ಸಣ್ಣ ಬಲ್ಬಿನ ಶಾಖಕ್ಕೆ ರಾತ್ರಿ ಕಳೆಯೋದರೊಳಗೆ ಹಿಟ್ಟು ಉಬ್ಬುತ್ತೆ. ಒಂದು ಸಲ ಇವರು ನೋಡದೆ ಪಿಜ್ಜಾಗೆ ಅಂತ ಓವನ್ ಕಾಯಿಸಿಬಿಟ್ಟು ಪ್ಲಾಸ್ಟಿಕ್ ಮುಚ್ಚಳ ಕರಗಿ ಹಿಟ್ಟಿನೊಳಗೆ ಇಳಿದಿತ್ತು. ಅವತ್ತಿನಿಂದ ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ಚೀಟಿ ಅಂಟಿಸ್ತೀನಿ. ಆ ಬೆಳಿಗ್ಗೆ ಕತ್ತಲೆ ಅಡುಗೆಮನೆಯಲ್ಲಿ ಓವನ್ನಿನ ಕಿಟಕಿ ಒಂದೇ ಹಳದಿಯಾಗಿ ಬೆಳಗುತ್ತಿತ್ತು, ದೇವರ ಮನೆಯ ಹಾಗೆ. ಒಳಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ಎದ್ದು ನಿಂತಿತ್ತು. ಹೊರಗೆ ಏನೇನೋ ಆಗ್ತಿದೆ, ಹಿಟ್ಟಿಗೆ ಅದ್ಯಾವುದೂ ಗೊತ್ತಿಲ್ಲ, ಅದರ ಪಾಡಿಗೆ ಅದು ಉಬ್ಬಿದೆ.

ಸಂಜೆ ಅಮ್ಮನಿಗೆ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಎಷ್ಟು ಉಬ್ಬಿತ್ತು?" ಅಂತ ಕೇಳಿದಳು. ಈ ಪ್ರಶ್ನೆಗೆ ನಾನು ಫಿದಾ! ಅವಳ ಬಾರಿಗೆ ಅವಳು ಅಳಿಲಿನ ಜಗಳ ಹೇಳಿದಳು. ಯಾವುದು ಮೊದಲು ಓಡಿಹೋಯಿತು ಅಂತ ನಾನೂ ಕೇಳಿದೆ. ಫೋನ್ ಇಟ್ಟ ಮೇಲೆ ಕೈಗೆ ಸಿಕ್ಕ ನೋಟ್‌ಬುಕ್ಕಿನಲ್ಲಿ ಅವಳದ್ದನ್ನು ಬರೆದಿಟ್ಟೆ.

ಮಾರ್ಚ್ 23ಕ್ಕೆ ನಮ್ಮ ಗವರ್ನರ್ ಎಲ್ಲರೂ ಮನೆಯಲ್ಲೇ ಇರಿ ಅಂತ ಆದೇಶ ಹೊರಡಿಸಿದರು. ನಮ್ಮ 24ನೇ ತಾರೀಖಿನ ಬೆಳಿಗ್ಗೆ ಏಳೂವರೆಗೆ ಪ್ರಧಾನಿ ಮೋದಿ ಟೀವಿಗೆ ಬಂದು ಇಡೀ ದೇಶಕ್ಕೆ ಲಾಕ್‌ಡೌನ್ ಅಂದರು, ಊರಲ್ಲಿ ಆಗ ರಾತ್ರಿ ಎಂಟು. ಅದಾಗಿ ಹನ್ನೆರಡು ಗಂಟೆಗೆ ನಮ್ಮ ಫೋನಿನ ಹೊತ್ತು. ಊರಲ್ಲಿ ಬೆಳಗಾದರೆ ಯುಗಾದಿ! ಬೇರೆ ವರ್ಷವಾಗಿದ್ದರೆ ಇಲ್ಲಿನ ಸಹ್ಯಾದ್ರಿ ಕನ್ನಡ ಸಂಘದವರ ಜೊತೆ ಹಬ್ಬ, ರೇಷ್ಮೆ ಸೀರೆ, ಮಕ್ಕಳ ಡ್ಯಾನ್ಸು. ಆ ವರ್ಷ ಗುಂಪು ಸೇರೋದೇ ನಿಷೇಧ. ಬೇವು ಎಲ್ಲಿಂದ ತರೋದು? ಇಂಡಿಯನ್ ಸ್ಟೋರಿನಲ್ಲಿ ಅಕ್ಕಿ ಮೂಟೆಗೇ ಬರ ಬಂದಿತ್ತು.

ಮಗಳು ಹಿತ್ತಲಿಗೆ ಓಡಿ ಡ್ಯಾಂಡಿಲಯನ್ ಎಲೆ ಕಿತ್ತು ತಂದಳು. ಅದೇ ಸ್ವಾಮಿ, ಹುಲ್ಲುಹಾಸಿನಲ್ಲಿ ಹಳದಿ ಹೂ ಬಿಟ್ಟು, ಆಮೇಲೆ ಊದಿದರೆ ಹಾರುವ ಬಿಳಿ ಬೀಜದ ಗುಂಡು ಆಗುತ್ತಲ್ಲ, ಆ ಕಳೆ. ತಿನ್ನಬಹುದು, ಕಹಿ ಕೂಡ ಚೆನ್ನಾಗೇ ಇದೆ. ಸಣ್ಣಗೆ ಹೆಚ್ಚಿ ಬೆಲ್ಲದ ಜೊತೆ ಕಲಸಿದೆ. ಇವರು ಬಾಯಿಗೆ ಹಾಕಿಕೊಂಡು, "ಪ್ರತಿ ವರ್ಷ ಇದನ್ನ ಕೀಳೋಕೆ ಬೆನ್ನು ಮುರ್ಕೋತೀನಿ, ಈ ವರ್ಷ ಪ್ರಸಾದ ಆಯ್ತು" ಅಂದರು. ಅಮ್ಮನಿಗೆ ಅದೇ ಅವತ್ತಿನ ನನ್ನ ಒಂದು. ಅವಳ ಒಂದು ಕೋಗಿಲೆ. ಬೀದಿಯಲ್ಲಿ ಒಂದು ಸ್ಕೂಟರ್ ಸದ್ದೂ ಇಲ್ಲದ ಯುಗಾದಿ ಬೆಳಿಗ್ಗೆ, ಹಿಂದಿನ ಬೀದಿಯ ಮಾವಿನ ಮರದ ಕೋಗಿಲೆ ಅವಳ ಅಡುಗೆಮನೆಯವರೆಗೂ ಕೇಳಿಸಿತಂತೆ. ಇಪ್ಪತ್ತೆಂಟು ವರ್ಷ ಆ ಮನೆಯಲ್ಲಿದ್ದವಳು ಅದನ್ನು ಕೇಳಿದ್ದು ಅವತ್ತೇ ಮೊದಲು.

ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಕಿಟಕಿಯಲ್ಲಿ ಟೆಡ್ಡಿ ಬೇರ್ ಕೂರಿಸಿದರು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದರು. ನನ್ನ ಮಗಳಿಗೆ ಅಜ್ಜಿಯಿಂದ ಫೋನಿನಲ್ಲೇ ಚುಕ್ಕಿ ರಂಗೋಲಿ ಪಾಠ. "ಏಳು ಚುಕ್ಕಿ ಇಡು, ಒಂದಕ್ಕೆ ತಂದು ನಿಲ್ಸು. ಬಳ್ಳಿ ಎಲ್ಲೂ ಕಡೀಬಾರ್ದು." ಡ್ರೈವ್‌ವೇ ತುಂಬ ರಂಗೋಲಿ. ಮಧ್ಯಾಹ್ನದ ಹೊತ್ತಿಗೆ ಮಳೆ ಬಂದು ಎಲ್ಲ ತೊಳೆದುಕೊಂಡು ಹೋಗೋದು. ಮೊದಲ ದಿನ ಅತ್ತಳು. "ನಾವು ದಿನಾ ನೀರು ಹಾಕಿ ತೊಳ್ದು ಹೊಸಾದು ಹಾಕ್ತೀವಿ, ನಿಂಗೆ ಮಳೇನೇ ತೊಳ್ದು ಕೊಡುತ್ತೆ, ಇನ್ನೇನು ಬೇಕು?" ಅಂದಳು ಅಮ್ಮ. ಮಗಳಿಗೆ ಅದು ಸರಿ ಅನ್ನಿಸಿತು.

ಎದುರು ಮನೆಯಲ್ಲಿ ಒಬ್ಬರು ವಯಸ್ಸಾದ ಅಮೆರಿಕನ್ ಅಜ್ಜಿ. ಒಬ್ಬರೇ ಇದ್ದರು. ದಿನಾ ಹತ್ತು ಗಂಟೆಗೆ ವಾಕರ್ ತಳ್ಳಿಕೊಂಡು ಬಂದು, ಆರಡಿ ದೂರ ನಿಂತು ರಂಗೋಲಿ ನೋಡೋರು. ಒಂದು ದಿನ ಮಗಳನ್ನು ಕೇಳಿದರು, ಇದನ್ನು ಕಾಗದದ ಮೇಲೆ ಬರೆದುಕೊಡ್ತೀಯಾ ಅಂತ. ಅವರ ಅಕ್ಕ ಒಂದು ವೃದ್ಧಾಶ್ರಮದಲ್ಲಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಿಟಕಿಯ ಹೊರಗೆ ನಿಂತು ಗಾಜಿನಾಚೆಯಿಂದ ಕೈ ಬೀಸಿ ಬರಬೇಕು. ಕಿವಿ ಕೇಳದ ಅಕ್ಕನ ಜೊತೆ ಗಾಜಿನಾಚೆಯಿಂದ ಏನು ಮಾತಾಡೋದು? ಅದಕ್ಕೆ ತೋರಿಸೋಕೆ ಏನಾದರೂ ಬೇಕಿತ್ತು. ಮಗಳು ದೊಡ್ಡ ಹಾಳೆಯ ಮೇಲೆ ಬಣ್ಣ ತುಂಬಿ ರಂಗೋಲಿ ಬರೆದುಕೊಟ್ಟಳು. ಅಜ್ಜಿ ಅದನ್ನು ಗಾಜಿಗೆ ಒತ್ತಿ ಹಿಡಿದರಂತೆ. ಒಳಗಿನಿಂದ ಅಕ್ಕ ಬೆರಳಿನಲ್ಲಿ ಬಳ್ಳಿಯನ್ನು ಹಿಂಬಾಲಿಸಿಕೊಂಡು ಹೋಗಿ, ಶುರುವಾದ ಜಾಗಕ್ಕೇ ಬಂದು ನಿಂತರಂತೆ.

ಮರುವಾರ ನಮ್ಮ ಬಾಗಿಲಲ್ಲಿ ಒಂದು ಕಟ್ಟು ರೂಬಾರ್ಬ್ ಇತ್ತು, ಅಜ್ಜಿಯ ಹಿತ್ತಲದ್ದು. ಕೆಂಪು ದಂಟು, ಹುಳಿ ಅಂದರೆ ಹುಣಿಸೆಹಣ್ಣೇ ನಾಚಬೇಕು. ಎಲೆ ವಿಷ, ದಂಟು ಮಾತ್ರ ತಿನ್ನೋದು. ಇಲ್ಲಿನವರು ಸಕ್ಕರೆ ಸುರಿದು ಪೈ ಮಾಡ್ತಾರೆ. ನಾನು ಬೆಲ್ಲ, ಮೆಣಸಿನಕಾಯಿ, ಎಳ್ಳು ಹಾಕಿ ಗೊಜ್ಜು ಮಾಡಿದೆ. ಅಜ್ಜಿಗೂ ಒಂದು ಬಾಟಲಿ ಹೋಯಿತು. ಟೋಸ್ಟ್ ಮೇಲೆ ಹಚ್ಚಿಕೊಂಡು ತಿಂದರಂತೆ!

ಅವರ ಅಕ್ಕ ಆ ಬೇಸಿಗೆ ದಾಟಲಿಲ್ಲ. ಕೊರೋನಾ ಅಲ್ಲ, ವಯಸ್ಸು ಅಂದರು ಅಜ್ಜಿ. ರಂಗೋಲಿ ಹಾಳೆ ವಾಪಸ್ ಕೊಡಲೇ ಅಂತ ಕೇಳಿದರು. ಇಟ್ಕೊಳ್ಳಿ ಅಂದೆವು.

ಇದನ್ನೆಲ್ಲ ಓದಿ ಆ ದಿನಗಳು ಪಿಕ್‌ನಿಕ್ ಥರ ಇದ್ದವು ಅಂದುಕೊಳ್ಳಬೇಡಿ. ಅಮ್ಮನಿಗೂ ನನಗೂ ಜಗಳ ಆಗಿದೆ, ಇವರಿಗೂ ನನಗೂ ಅದಕ್ಕಿಂತ ಹೆಚ್ಚು ಆಗಿದೆ. ಸೆಪ್ಟೆಂಬರ್ 2020ರಲ್ಲಿ ಕ್ಯಾಲಿಫೋರ್ನಿಯಾ, ಆರೆಗನ್, ನಮ್ಮ ವಾಷಿಂಗ್ಟನ್ನಿನ ಕಾಡುಗಳೆಲ್ಲ ಹೊತ್ತಿ ಉರಿದಾಗ ಆ ಹೊಗೆ ಒಂದು ವಾರದ ಮೇಲೆ ಇಲ್ಲಿ ಕೂತಿತ್ತು. ಗಾಳಿಯ ಸೂಚ್ಯಂಕ 200 ದಾಟಿತ್ತು. ವೈರಸ್ಸಿಗೆ ಕಿಟಕಿ ತೆಗೀರಿ ಅಂತಾರೆ, ಹೊಗೆಗೆ ಕಿಟಕಿ ಮುಚ್ಚಿ ಅಂತಾರೆ. ಚೌಕದ ಫ್ಯಾನಿಗೆ ಹೀಟರಿನ ಫಿಲ್ಟರ್ ಟೇಪ್ ಹಾಕಿ ಅಂಟಿಸಿ ಮೂರೂ ಜನ ಅದರ ಮುಂದೆ ಮಲಗಿದೆವು. ಆ ವಾರದ ಪುಟಗಳಲ್ಲಿ ಅಮ್ಮನದೇ ಎಲ್ಲಾ. ನನ್ನ ಹತ್ತಿರ ಇದ್ದ ಒಂದೇ ವಿಷಯ ಅಂದರೆ ಮೂರು ದಿನದಲ್ಲಿ ಬಿಳೀ ಫಿಲ್ಟರ್ ಯಾವ ಬಣ್ಣಕ್ಕೆ ತಿರುಗಿತು ಅನ್ನೋದು. "ಅದನ್ನೇ ಹೇಳು. ಅಷ್ಟು ಕೊಳೆ ನಿಮ್ಮ ಎದೆಗೆ ಹೋಗ್ಲಿಲ್ಲ ಅಂತಾಯ್ತಲ್ಲ" ಅಂದಳು. ಕೊನೆಗೆ ಮಳೆ ಬಂದ ದಿನ ಫೋನನ್ನೇ ಕಿಟಕಿಯ ಹೊರಗೆ ಹಿಡಿದೆ. "ಈಗ ನಿಜ ಹೇಳ್ತಿದೀಯ" ಅಂದಳು ಅಮ್ಮ. ಮಾರ್ಚ್‌ನ ಆ ಸುಳ್ಳನ್ನು ಮರೆತಿರಲೇ ಇಲ್ಲ ನೋಡಿ!

ನವೆಂಬರಿನಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಾಗ ಅವಳಿಗೆ ಎಂಟು ಇದ್ದದ್ದು ಒಂಬತ್ತಾಯಿತು. "ಅಮೆರಿಕದವ್ರು ಗಡಿಯಾರ ತಿರುಗ್ಸಿ ನನ್ನ ತಿಂಡಿ ಹೊತ್ತು ಕೆಡಿಸ್ತಾರೆ" ಅಂತ ಬೈದಳು, ಆದರೆ ತಪ್ಪಿಸಲಿಲ್ಲ.

2021ರ ಏಪ್ರಿಲ್ ಹೊತ್ತಿಗೆ ತಕ್ಕಡಿ ಇನ್ನೊಂದು ಕಡೆ ವಾಲಿತು. ಕೊರೋನಾ ಲಸಿಕೆಯ ಪ್ರಯೋಗದ ಮೊದಲ ಡೋಸ್ ಹಾಕಿದ್ದು ನಮ್ಮ ಸಿಯಾಟಲ್ಲಿನಲ್ಲೇ, 2020ರ ಮಾರ್ಚ್ 16ರಂದು. ವರ್ಷದ ಮೇಲೆ, ಏಪ್ರಿಲ್ 15ರಿಂದ, ವಾಷಿಂಗ್ಟನ್ನಿನ ದೊಡ್ಡವರಿಗೆಲ್ಲ ಲಸಿಕೆ ಸಿಗುವ ಹಾಗಾಯಿತು. ನಾನೂ ಹಾಕಿಸಿಕೊಂಡು ಬಂದೆ. ಅದೇ ತಿಂಗಳು ಕರ್ನಾಟಕದಲ್ಲಿ ಎರಡನೇ ಅಲೆ. ಏಪ್ರಿಲ್ 27ಕ್ಕೆ ಅಲ್ಲಿ ಮತ್ತೆ ಬಂದ್. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ ಅಂತ ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿಯೆಲ್ಲ ಮೆಸೇಜು. ಮೇ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ನಿರ್ಬಂಧ ಹಾಕಿತು. ನಮ್ಮಂಥ ವೀಸಾದವರು ಹೋದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ.

ಅಮ್ಮನ ಕೊನೆಯ ತಮ್ಮ, ನನ್ನ ಚಿಕ್ಕ ಮಾಮ, ಮೈಸೂರಿನಲ್ಲಿದ್ದರು. ಅರವತ್ತೊಂದು ವರ್ಷ. ಎರಡನೇ ಡೋಸಿಗೆ ಕಾಯುತ್ತಿದ್ದರು. ಜ್ವರ ಬಂದು ಒಂಬತ್ತನೇ ದಿನಕ್ಕೆ ಹೋದರು. ಅಮ್ಮ ಶಿವಮೊಗ್ಗದಿಂದ ಮೈಸೂರಿಗೆ ಹೋಗುವ ಹಾಗಿರಲಿಲ್ಲ. ನಾನು ಹೋಗುವ ಮಾತೇ ಇಲ್ಲ. ನನಗೆ ಸೈಕಲ್ ಕಲಿಸಿದ ಮಾಮ, ಕಾಲೇಜಿಗೆ ಸೇರುವಾಗ ಮೊದಲ ಫೀಸು ಕಟ್ಟಿದ ಮಾಮ.

ಅವತ್ತೂ ಸಂಜೆ ಏಳೂವರೆ ಆಯಿತು. ಮಾಡಲೋ ಬೇಡವೋ ಅಂತ ಹತ್ತು ನಿಮಿಷ ಫೋನ್ ಹಿಡಿದು ಕೂತಿದ್ದೆ. ಕೊನೆಗೆ ಮಾಡಿದೆ.

"ಇವತ್ತು ಏನೂ ಇಲ್ಲ ಕಣೆ" ಅಂದಳು ಅಮ್ಮ.

"ನನ್ನ ಹತ್ರಾನೂ ಏನೂ ಇಲ್ಲ ಅಮ್ಮ" ಅಂದೆ.

ಇಬ್ಬರೂ ಫೋನ್ ಇಡಲಿಲ್ಲ. ಅವಳ ಕಡೆ ಫ್ಯಾನ್ ಸದ್ದು, ನನ್ನ ಕಡೆ ಫ್ರಿಜ್ಜಿನ ಸದ್ದು. ಇಪ್ಪತ್ತು ನಿಮಿಷ ಹಾಗೇ ಇದ್ದೆವು. ಮರುದಿನವೂ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿದ್ದೀನಿ, ಮುಂದೆ ಖಾಲಿ. ನಾಲ್ಕನೇ ದಿನ ಅವಳೇ ಹೇಳಿದಳು:

"ಹಾಲಿನ ಹುಡುಗ ಇವತ್ತು ಗೇಟ್ ಹತ್ರ ನಿಂತು, 'ಅಜ್ಜಿ, ಊಟ ಮಾಡ್ತಿದೀರಾ?' ಅಂತ ಕೇಳ್ದ."

ಬರೆದುಕೊಂಡೆ. ಅಕ್ಷರ ಸೊಟ್ಟಗಿದೆ ಆ ಸಾಲಿನಲ್ಲಿ.

ಒಂದು ವರ್ಷದ ಹಿಂದೆ ಅವಳು ಶುರು ಮಾಡಿದಾಗ ಇದು ದುಃಖ ಮರೆಯೋ ಆಟ ಅಂದುಕೊಂಡಿದ್ದೆ. ಅದಕ್ಕೇ ಸಿಟ್ಟು ಬಂದದ್ದು. ಮರೆಯೋಕೆ ಅಲ್ಲ ಅಂತ ಆ ನಾಲ್ಕು ದಿನದಲ್ಲಿ ಗೊತ್ತಾಯಿತು. ಮಾಮ ಹೋದದ್ದನ್ನು ಅಳಿಲು ಕೋಗಿಲೆ ಮರೆಸಲಾರವು. ಆದರೆ ಸಂಜೆ ಒಬ್ಬಳು ಕೇಳ್ತಾಳೆ ಅನ್ನೋ ಕಾರಣಕ್ಕೆ ನಾನು ಬೆಳಿಗ್ಗೆ ಎದ್ದು ಕಿಟಕಿ ಪರದೆ ಸರಿಸ್ತಿದ್ದೆ. ನಾನು ಕೇಳ್ತೀನಿ ಅನ್ನೋ ಕಾರಣಕ್ಕೆ ಅಮ್ಮ ಗೇಟಿನವರೆಗೆ ನಡೀತಿದ್ದಳು. ಒಬ್ಬಳೇ ಆಗಿದ್ದರೆ ಆ ದಿನಗಳಲ್ಲಿ ನಾನು ದೋಸೆ ಹಿಟ್ಟನ್ನು ಅಷ್ಟು ನೋಡುತ್ತಿರಲಿಲ್ಲ. ನೋಡಿದ್ದು ಹೇಳೋಕೆ. ಹೇಳಿದಾಗ "ಎಷ್ಟು ಉಬ್ಬಿತ್ತು?" ಅಂತ ಕೇಳುವವರು ಇದ್ದಾಗ ಅದಕ್ಕೊಂದು ರುಚಿ.

ಭಾರತಕ್ಕೆ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಏಪ್ರಿಲ್‌ನಲ್ಲಿ ನಾವು ಶಿವಮೊಗ್ಗದಲ್ಲಿದ್ದೆವು. ಅಮ್ಮ ಕುಗ್ಗಿದ್ದಳು. ಫೋನಿನಲ್ಲಿ ಗೊತ್ತಾಗಿರಲಿಲ್ಲ. ಮಗಳು ಅಜ್ಜಿಗಿಂತ ಎತ್ತರ ಆಗಿದ್ದಳು, ಅದೂ ಫೋನಿನಲ್ಲಿ ಗೊತ್ತಾಗಿರಲಿಲ್ಲ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಅಳತೆ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಾ, ಅಡುಗೆಮನೆ ಬಾಗಿಲ ಹಿಂದೆ ಕೈ ಒರೆಸುವ ಬಟ್ಟೆ ಹುಡುಕಿದೆ. ಅಲ್ಲಿ ಕ್ಯಾಲೆಂಡರುಗಳು. ಒಂದರ ಮೇಲೊಂದು ಮೂರು ವರ್ಷದ್ದು, ಅದೇ ಮೊಳೆಗೆ. ಅಮ್ಮ ಹಾಲಿನ ಲೆಕ್ಕ ಬರೆಯೋದು ಯಾವಾಗಲೂ ಅಲ್ಲೇ, ಪ್ರತಿ ಚೌಕದಲ್ಲೂ ಅರ್ಧ ಲೀಟರ್ ಅಂತ. ಮೇಲಿನವನ್ನು ಎತ್ತಿ 2020ರ ಮಾರ್ಚ್ ನೋಡಿದೆ. ಹಾಲಿನ ಲೆಕ್ಕದ ಕೆಳಗೆ, ಆ ಸಣ್ಣ ಚೌಕದಲ್ಲಿ, ಟೀಚರ್ ಅಕ್ಷರ:

"ಪುಟ್ಟಿ – ಹಿಟ್ಟು ಉಬ್ಬಿತು."
"ಪುಟ್ಟಿ – ಕಳೆ ಸೊಪ್ಪಿನ ಬೇವು ಬೆಲ್ಲ."
ಏಪ್ರಿಲ್ ತಿಂಗಳಲ್ಲಿ, "ಪುಟ್ಟಿ – ಗಾಜಿನ ಮೇಲೆ ರಂಗೋಲಿ."

ಅವಳ ತಾರೀಖು ನನ್ನದಕ್ಕಿಂತ ಒಂದು ದಿನ ಮುಂದೆ. ನಾನು ಅವಳದ್ದು ಬರೆದಿಟ್ಟುಕೊಂಡಿದ್ದ ಹಾಗೆ ಅವಳು ನನ್ನದು ಬರೆದಿಟ್ಟುಕೊಂಡಿದ್ದಳು. ಇಬ್ಬರೂ ಹೇಳಿಕೊಂಡಿರಲಿಲ್ಲ. 2021ರ ಮೇ ತಿಂಗಳು ತಿರುವಿದೆ. ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಇದ್ದ ಮೂರು ದಿನ ಅಲ್ಲೂ ಖಾಲಿ. ಆ ಚೌಕಗಳಲ್ಲಿ ಹಾಲಿನ ಲೆಕ್ಕವೂ ಇರಲಿಲ್ಲ.

ಅಷ್ಟರಲ್ಲಿ ಹಾಲು ಉಕ್ಕಿತು. "ಹಾಲಿಟ್ಟು ಅಲ್ಲೇನೇ ಮಾಡ್ತಿದೀಯ?" ಅಂತ ಒಳಗಿಂದ ಕೂಗಿದಳು. "ಏನಿಲ್ಲಮ್ಮ, ಕೈಬಟ್ಟೆ ಹುಡುಕ್ತಿದ್ದೆ" ಅಂದೆ.

ಈಗಲೂ ಏಳೂವರೆಗೆ ಫೋನು ಉಂಟು. ದಿನಾ ಅಲ್ಲ, ವಾರಕ್ಕೆ ಮೂರ್ನಾಲ್ಕು ಸಲ. ಎದುರು ಮನೆ ಅಜ್ಜಿ ಮನೆ ಮಾರಿ ಮಗನ ಊರಿಗೆ ಹೋದರು, ಹೋಗುವ ಮುಂಚೆ ರೂಬಾರ್ಬ್ ಗೆಡ್ಡೆ ಕಿತ್ತು ನಮಗೆ ಕೊಟ್ಟರು. ಹಿತ್ತಲಲ್ಲಿ ನೆಟ್ಟಿದ್ದೀನಿ, ಪ್ರತಿ ಏಪ್ರಿಲ್‌ನಲ್ಲೂ ಕೆಂಪಗೆ ಮೂತಿ ತೆಗೆದು ಎದ್ದು ಬರುತ್ತೆ.

ಮೊನ್ನೆ ಶನಿವಾರ ಸಂಜೆ ಅಮ್ಮನಿಗೆ ಹೇಳೋಕೆ ನೋಟ್‌ಬುಕ್ ಸಿಕ್ಕಿದ್ದೇ ಇತ್ತು. ಹೇಳಿದೆ. "ಬೇಳೆ ಏನಾಯ್ತು?" ಅಂತ ಕೇಳಿದಳು. ಮಗಳಂತೂ ಆ ಬೇಳೆ ನೋಡಿ ಮೂಗು ಮುರಿದಿದ್ದಾಳೆ. ಬೆಲ್ಲ ಹಾಕಿ ಪಾಯಸ ಮಾಡಿದೆ ಅಂದೆ.

"ಹಾಗಾದ್ರೆ ಇವತ್ತು ನಿಂಗೆ ಎರಡಾಯ್ತು" ಅಂದಳು.